ಗೆಂಗ್ ಟೀಚರ್ ಕೇಳಿದ ಕೊನೆಯ ಪ್ರಶ್ನೆ

ನಗಬೇಡ್ವೇ ಮಿಯಾವ್! ಸತ್ಯವಾಗ್ಲೂ ಗೆಂಗ್ ಟೀಚರ್ ಹೇಳಿದ್ದು ನಿನ್ನ ಹೆಸರೇ. ಇಡೀ ಕ್ಲಾಸಿನ ಮುಂದೆ, ಆ ಪರೀಕ್ಷೆ ಫಲಿತಾಂಶ ಹೇಳೋವಾಗ! ನೀನೋ, ವಾರ್ಡ್ ಬಿಟ್ಟು ಕ್ಲಾಸಿಗೆ ಬರ್ಲೇ ಇಲ್ಲ... ತಿನ್ನು, ತಿನ್ನು, ನೂಡಲ್ಸ್ ಆರಿಹೋಗುತ್ತೆ. ಈ ಕ್ಯಾಂಟೀನಿನವರು ಮತ್ತೆ ಬಿಸಿ ಮಾಡ್ಕೊಡಲ್ಲ.

ಯಾವ ಪರೀಕ್ಷೆನಾ? ಅಯ್ಯೋ, ಹೋದ ವಾರ ಬರೆದ್ವಲ್ಲೇ! ನರ್ಸಿಂಗ್ ಹುಡುಗೀರಲ್ಲಿ ಮುಂದೆ ನಿಂತು ನಾಲ್ಕು ಜನಕ್ಕೆ ಕಲಿಸೋ ಗುಣ ಎಷ್ಟಿದೆ ಅಂತ ಅಳೀತಾರಂತೆ. ಬಿಪಿ ನೋಡೋ ಹಾಗೆ ತೋಳಿಗೆ ಪಟ್ಟಿ ಸುತ್ತಿ ಅಳೆಯೋಕಾಗುತ್ತಾ ಅದನ್ನ? 'ನಾನು ಹೇಳಿಕೊಟ್ಟರೆ ಜೊತೆಯವರು ಕಲೀತಾರೆ', ಐದಕ್ಕೆ ಎಷ್ಟು? ನಾನು ಐದು ಹಾಕ್ದೆ. ಎಲ್ಲದಕ್ಕೂ ಐದು! ಯಾಕೆ ಹಾಗೆ ನೋಡ್ತೀಯಾ? ಮೂರು ವರ್ಷದಿಂದ ಕ್ಲಾಸ್ ಲೀಡರ್ ಈ ಛೂ ಯಾನ್. ನಾನಲ್ದೆ ಇನ್ಯಾರು ಹಾಕ್ಬೇಕು? ನೀನು ಎರಡು ಹಾಕಿದ್ದು ನೋಡ್ದೆ. ದಡ್ಡಿ! ಕೊನೇ ಪ್ರಶ್ನೆಗೆ ಮಾತ್ರ ಕೈ ಅಡ್ಡ ಇಟ್ಕೊಂಡೆ, ಕಳ್ಳಿ.

ಹಾಂ, ಅದೇ. 'ನೀವು ಯಾವ ಸಹಪಾಠಿಯಿಂದ ಹೆಚ್ಚು ಕಲಿತಿರಿ?' ಟೀಚರ್ ಇವತ್ತು ಕನ್ನಡಕ ತೆಗೆದ್ರು, ಒರೆಸಿದ್ರು... 'ಅರ್ಧಕ್ಕೂ ಹೆಚ್ಚು ಜನ ಒಂದೇ ಹೆಸರು ಬರೆದಿದ್ದಾರೆ' ಅಂದ್ರು. ನಾನು... ಹ್ಞೂಂ, ಎದ್ದು ನಿಂತೆ. ನಗು, ನಗು! ಕೂದಲು ಬೇರೆ ಸರಿಮಾಡ್ಕೊಂಡು ಎದ್ದೆ. ಆಗ 'ಮಿಯಾವ್ ರೂಯಿ' ಅಂದ್ರು ನೋಡು! ನಾನೇನು ಕಮ್ಮಿನಾ? ಕಿಟಕಿ ಮುಚ್ಚೋಕೇ ಎದ್ದವಳ ಹಾಗೆ ಸೀದಾ ಹೋಗಿ ಮುಚ್ಚಿ ಬಂದೆ. ಲಾನ್‌ಝೌ ಊರಿನ ಈ ಸೆಕೆಯಲ್ಲಿ!

ನಿನ್ನನ್ನೇ ಯಾಕೆ ಬರೆದ್ರು ಅಂತೀಯಾ? ತೋಳು ತೋರಿಸು. ನೋಡು, ಎಷ್ಟು ನೀಲಿಗಟ್ಟಿದೆ! ಸೂಜಿ ಹಿಡಿದ್ರೆ ಕೈ ನಡುಗೋರಿಗೆಲ್ಲ ನಿನ್ನ ನರಾನೇ ಕೊಟ್ಟೆ. 'ನೋವಾಗಲ್ಲ, ಇನ್ನೊಂದ್ಸಲ ಹಾಕು' ಅಂತ... ನಮ್ಮ ಕ್ಲಾಸಿನ ಆ ಹೂ ಮಿನ್ ಸೂಜಿ ಹಾಕೋಕಾಗದೆ ಅಳ್ತಾ ಓಡಿದಾಗ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತೋಳು ಯಾರು? ನಾನಾ? ನಾನು ಹಾಜರಿ ತಗೊಳ್ತಿದ್ದೆ.

ಇಲ್ಲ ಅನ್ಬೇಡ! ಸೋಮವಾರ ಮೊದಲ ವರ್ಷದವರಿಗೆ ನೀನೇ ಪಾಠ ಮಾಡ್ಬೇಕು. ಒಪ್ಪಿಸ್ತೀನಿ ಅಂತ ಟೀಚರಿಗೆ ಮಾತು ಕೊಟ್ಟು ಬಂದಿದ್ದೀನಿ. ಹೆದರಬೇಡ್ವೇ, ನಿಂಗೆ ಭಾಷಣ ಬರದಿದ್ರೆ ಏನಂತೆ... ಒಪ್ಪಿದ್ಯಾ? ಹಾಂ! ಹಾಗೆ ಬಾ ದಾರಿಗೆ.

ನನಗೆಷ್ಟು ಓಟು ಬಂತು ಅಂತನಾ? ಬಂದಿರುತ್ತೆ ಬಿಡು, ಒಂದೆರಡು. ಟೀಚರ್ ಹೇಳ್ಲಿಲ್ಲ, ನಾನೂ ಕೇಳೋಕೆ ಹೋಗ್ಲಿಲ್ಲ. ಒಂದಂತೂ ಗ್ಯಾರಂಟಿ. ಹಾಸ್ಟೆಲಿನಲ್ಲಿ ಪಕ್ಕದ ಮಂಚದಲ್ಲಿ ಮಲಗೋಳು ನನ್ನ ಮರೀತಾಳಾ?

ಅಲ್ವೇನೇ?

...ಮಿಯಾವ್?

ಓ.

ಹೂ ಮಿನ್ ಹೆಸರು ಬರೆದ್ಯಾ? ಬೇಡ, ಹೇಳ್ಬೇಡ. ಥೂ, ಅಳ್ತೀಯಾ ಯಾಕೆ! ತಮಾಷೆಗೆ ಕೇಳ್ದೆ ಕಣೇ, ನಂಗೇನೂ...

ಸುಳ್ಳು ಹೇಳ್ದೆ. ಕೇಳಿದ್ದೆ ಟೀಚರನ್ನ, ಎಲ್ಲರೂ ಹೋದ್ಮೇಲೆ. 'ಒಂದೂ ಇಲ್ಲಮ್ಮ' ಅಂದ್ರು. ನಾನು ನಂಬ್ಲಿಲ್ಲ. ಎಣಿಸೋವಾಗ ಒಂದು ತಪ್ಪಿರ್ಬೇಕು, ನಿನ್ನ ಕೇಳಿದ್ರೆ ಗೊತ್ತಾಗುತ್ತೆ ಅಂತ...

ಕೈ ಬಿಡೇ, ಎಲ್ಲರೂ ನೋಡ್ತಿದ್ದಾರೆ.

...ಬೇಡ. ಹಿಡ್ಕೊಂಡಿರು.