ಅಟ್ಟಣೆ ಮೇಲಿನ ಸಿಗ್ನಲ್

ಸೊಸೆಯ ಹೆರಿಗೆಗೆಂದು ಕಾಮಗೆರೆ ಆಸ್ಪತ್ರೆಗೆ ಬಂದಿದ್ದ ಯಶೋದ ಅತ್ತ ತಿರುಗಿ ಕೂತರೂ, ಪಕ್ಕದ ಬೆಂಚಿನಲ್ಲಿದ್ದ ಲೊಕ್ಕನಹಳ್ಳಿ ಕಡೆಯ ತಾಯಿ-ಮಗನ ಮಾತು ಕಿವಿಗೆ ಬೀಳುತ್ತಲೇ ಇತ್ತು.

"ಮೈಸೂರಿಂದ ಫೋನ್ ಬಂದಿತ್ತು ಕಣವ್ವ. ಮೊಬೈಲಲ್ಲಿ ಗೇಮ್ ಆಡೋಕೆ ಅಂತ ಕಂಪನಿಯೋರು ಟೀಮ್ ಕಟ್ತಾವ್ರಲ್ಲ, ಅದ್ಕೆ ನನ್ನ ಸೇರಿಸ್ಕಂಡವ್ರೆ. ಸಂಬಳಾನೂ ಕೊಡ್ತಾರಂತೆ."

"ಅಷ್ಟೊಂದು ಜನದಲ್ಲಿ ನಿನ್ನೇ ಯಾಕ್ಲಾ?"

"ನನ್ನ ಕಿವಿ ಬಲು ಚುರುಕಂತೆ. ಗೇಮಲ್ಲಿ ಎದುರಾಳಿ ದೂರ ಇರೋವಾಗ್ಲೇ ಎಜ್ಜೆ ಸದ್ದು ನಂಗೆ ಗೊತ್ತಾಯ್ತದೆ."

ತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

"ಮತ್ತೆ ಆನೆ ಬಂದದ್ದು ಯಾಕ್ ಗೊತ್ತಾಗ್ನಿಲ್ಲ? ಜ್ವಾಳ ಕಾಯ್ಲಿ ಅಂತ ತಾನೆ ನಿನ್ನ ಅಟ್ಟಣೆಗೆ ಕಳ್ಸಿದ್ದು?"

"ಊರಲ್ಲಿ ಅದೊಂದೇ ಕಡೆ ಸಿಗ್ನಲ್ ಸಿಗೋದವ್ವ. ಟೀಮಿಗೆ ಆರಿಸೋ ಆಟ ನಡೀತಿತ್ತು. ಕಿವೀಲಿ ಹೆಡ್‌ಫೋನ್ ಇತ್ತು."

"ಆನೆ ಮೇಲೆ ಬಿದ್ದಾಗ ನಿಮ್ಮಪ್ಪ ಕೆಳಗ್ನಿಂದ ಅಷ್ಟೊಂದು ಕೂಗ್ದನಂತಲ್ಲ."

ಮಗ ತಲೆ ತಗ್ಗಿಸಿ ನೆಲ ನೋಡಿದ.

ಒಳಗಿನಿಂದ ನರ್ಸ್, "ಪುಟ್ಟಸಿದ್ದಯ್ಯನ ಕಡೆಯೋರು ಯಾರು?" ಎಂದು ಕೇಳಿದಳು. ಯಾರೂ ಏಳದಿದ್ದಾಗ ಇನ್ನೊಮ್ಮೆ ಕೂಗಿದಳು. ನೆಲ ನೋಡುತ್ತಿದ್ದ ಮಗ ತಲೆ ಎತ್ತಲಿಲ್ಲ.

ತಾಯಿ ಅವನ ಭುಜ ಮುಟ್ಟಿದಳು.

"ಏಳ್ಲಾ ಮಾದೇಶ. ನಿಮ್ಮಪ್ಪನ ಎಸ್ರು ಕೂಗ್ತಾವ್ರೆ, ಈಗ್ಲೂ ಕೇಳ್ನಿಲ್ವಾ?"

ಇಬ್ಬರೂ ಎದ್ದು ಒಳಗೆ ಹೋದರು.