ಬಲಕ್ಕೆ ವಾಲುವ ದೋಣಿ

ದೋಣಿ ಸಾಮಾನಿನ ಅಂಗಡಿಯಲ್ಲಿ ವಾರ್ನಿಷ್ ಡಬ್ಬಿ ಹಿಡಿದು ಸರದಿಗೆ ನಿಂತಿದ್ದ ಬಡಗಿಗೆ, ಬೇಡವೆಂದರೂ ಮುಂದಿದ್ದ ಅಪ್ಪ-ಮಗಳ ಮಾತು ಕಿವಿಗೆ ಬೀಳುತ್ತಿತ್ತು. ಅಪ್ಪ ತಮ್ಮ ಮೋಟಾರು ದೋಣಿಯ ಪ್ರೊಪೆಲ್ಲರನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ತಂದಿದ್ದ.

“ಇದನ್ನ ಬದಲಾಯಿಸ್ಬೇಕು. ದೋಣಿ ಒಂದೇ ಸಮ ಬಲಕ್ಕೆ ವಾಲುತ್ತೆ.”

“ಅಲ್ಯೂಮಿನಿಯಂ ಸಾಕಾ, ಸ್ಟೀಲಿಂದು ಬೇಕಾ?” ಎನ್ನುತ್ತಲೇ ಅಂಗಡಿಯವನು ರೆಕ್ಕೆಗಳನ್ನು ಒಂದೊಂದಾಗಿ ಸವರಿ ನೋಡಿದ. “ಎಲ್ಲೂ ಸೊಟ್ಟ ಆಗಿಲ್ವಲ್ಲ ಯಜಮಾನ್ರೇ! ಯಾವಾಗಿಂದ ಹೀಗೆ?”

“ಈ ಬೇಸಿಗೆಯಿಂದ.”

“ನೀವು ಸ್ಟಿಯರಿಂಗ್ ಹಿಡಿದು ಬಲಗಡೆ ಕೂರ್ತೀರಿ. ಎಡಗಡೆ ಯಾರು ಕೂರ್ತಾರೆ?”

ಅಪ್ಪ ಟವೆಲಿನ ಅಂಚು ನೇವರಿಸಿದ. ಮಗಳೇ ಬಾಯಿಬಿಟ್ಟಳು.

“ಅಮ್ಮ ಕೂತ್ಕೋತಿದ್ಳು.”

ಅಂಗಡಿಯವನ ದನಿ ತಗ್ಗಿತು. “ಇದೇನೂ ಕೆಟ್ಟಿಲ್ಲ, ಸರ್. ಆ ಸೀಟಲ್ಲಿ ಒಂದು ಮರಳಿನ ಚೀಲ ಇಡಿ, ಸರಿಹೋಗುತ್ತೆ.”

“ಅವಳ ಜಾಗದಲ್ಲಿ ಮರಳಿನ ಚೀಲವಾ?”

“ಅಪ್ಪಾ, ಇಲ್ದಿದ್ರೆ ಅದು ವಾಲ್ತಾನೇ ಇರುತ್ತೆ.”

“ವಾಲಲಿ ಬಿಡು.” ಅಪ್ಪ ಪ್ರೊಪೆಲ್ಲರನ್ನು ಮತ್ತೆ ಸುತ್ತತೊಡಗಿದ. “ಅವಳಿಲ್ಲ ಅಂತ ದೋಣಿಗಾದ್ರೂ ಗೊತ್ತಾಗಿದೆಯಲ್ಲ.”

ಬಡಗಿ ಸರಿದು ದಾರಿ ಬಿಟ್ಟ. ಬಾಗಿಲು ದಾಟಿದ ಮೇಲೆ ಮಗಳು ಬಲಗಡೆಯಿಂದ ಸುತ್ತಿ ಬಂದು, ಅಪ್ಪನ ಎಡಗೈ ಹಿಡಿದು ನಡೆದಳು.