ಇನ್ನಾಸಪ್ಪನ ಬಲಗಾಲು

ನಗಬ್ಯಾಡ ಅತ್ಗೆ! ನಗೋ ಮಾತಲ್ಲ ಇದು. ಆ ಜಡಯ್ಯ ನನ್ ಪಕ್ಕ ಕೂರದು ಅಂದ್ರೇನು? ಕುಷ್ಠದೋನು ಕಣತ್ಗೆ ಅವ್ನು! ನಾಳೆ ಬೇಸ್ತವಾರ ಚರ್ಚಲ್ಲಿ ಫಾದರು ಹನ್ನೆಲ್ಡು ಜನದ ಕಾಲು ತೊಳೀತಾರೆ, ಯೇಸುಸ್ವಾಮಿ ಶಿಷ್ಯರ ಕಾಲು ತೊಳ್ದಂಗೆ. ಅದ್ರಲ್ಲಿ ಮೊದಲ್ನೇ ಕುರ್ಚಿ ಈ ಇನ್ನಾಸಪ್ಪಂದು. ನಮ್ಮಪ್ಪಂದಾಗಿತ್ತು, ಈಗ ನಂದು. ಎರಡ್ನೇದು ಜಡಯ್ಯಂಗೆ ಕೊಡ್ಸಿದ್ದು ನೀನೇ ಅಂತ ಹನೂರು ಪೂರ್ತಿ ಮಾತಾಡ್ತದೆ!

ಇಲ್ಲೇ, ಒಲೆ ಪಕ್ದಲ್ಲೇ ಕೂತ್ಕತೀನಿ ಬುಡು. ನೀ ಇಟ್ಟು ತಿರುವು.

ಏನು... ಕಾಲ್ಚೀಲಾನಾ? ಈ ಬಿಸ್ಲಲ್ಲಿ ಕಾಲ್ಚೀಲ ಯಾಕೆ ಅಂತಾನಾ? ಮೈಸೂರಲ್ಲಿ ದೊಡ್ಮನ್ಸ್ರೆಲ್ಲಾ ಆಕ್ಕತಾರೆ. ನಾನ್ ಆಕ್ಕಂಡ್ರೆ ತಪ್ಪಾ?

ಅಲ್ಲ ಅತ್ಗೆ, ನಾವೆಲ್ಲಾ ಎಂಗ್ ಬತ್ತೀವಿ ಯೋಳು? ಬುಧ್ವಾರವೇ ಕಲ್ಲಲ್ಲಿ ತಿಕ್ಕಿ, ಸೋಪಾಕಿ, ಕೊಬ್ರಿ ಎಣ್ಣೆ ಸವ್ರಿ... ಫಾದರ್ ಕೈಗೆ ಒಂದ್ ಚೂರು ಮಣ್ಣು ಅತ್ಬಾರ್ದು, ಅಂಗೆ ತೊಳ್ದ ಕಾಲ್ನೇ ತಕಂಬತ್ತೀವಿ. ಮ್ಯಾಲೊಂದ್ ಚಮಚ ನೀರು, ಒಂದ್ ಬಿಳೀ ಬಟ್ಟೆ, ಮುಗೀತು. ಎಷ್ಟ್ ಚೆಂದ! ಅಲ್ಲಿಗೆ ನೀನು ಉಣ್ಣು, ಕೀವು... ಮತ್ತೆ ನಗ್ತೀಯಾ?

ಅಣ್ಣ ಇದ್ದಿದ್ರೆ ನಿನ್ನ ಇಂಗ್ ಬುಡ್ತಿರ್ನಿಲ್ಲ. ನೀನೂ ನಿನ್ ಜೊತೆ ನಾಕ್ ಜನ ಎಂಗುಸ್ರೂ ಬೈಬಲ್ ಇಡ್ಕಂಡ್ ಕೂತಿದ್ದೇ ಕೂತಿದ್ದು. ಬ್ಯಾಂಡು, ಮೆರವಣಿಗೆ ಸಾಕಂತೆ! ಯೇಸು ಮಾಡಿದ್ದ ಮಾಡ್ಬೇಕಂತೆ! ದಿನಾ ಆ ಗುಡಿಸ್ಲಿಗೋಗಿ ಜಡಯ್ಯನ ಉಣ್ಣು ತೊಳ್ಯದೇನು, ಗುಳಿಗೆ ನುಂಗ್ಸದೇನು! ಮುತ್ತಜ್ಜನ ಕಾಲ್ದಿಂದ ನಾವು ಕ್ರಿಸ್ತರು, ನಿಮ್ಗೆ ಮಾತ್ರ ಈಗ ಯೇಸು ಸಿಕ್ಬುಟ್ನಾ? ನಮ್ಮನೇಲಿ ಅವ್ನ ಪಟಕ್ಕೆ ಕಟ್ಟಾಕ್ಸಿ ಗ್ವಾಡೇಗೆ ತಗ್ಲಾಕಿದೀವಿ, ಇದುವರ್ಗೂ ಎಲ್ಗೂ ಓಗಿಲ್ಲ ಅವ್ನು!

ಅದೂ ಆ ಜಡಯ್ಯಂಗೆ ಜ್ಞಾನಸ್ನಾನಾನೂ ಆಗಿಲ್ಲ. ಮಾದಪ್ಪನ ಒಕ್ಲು. 'ತನ್ನ ಇಡ್ಕೊಟ್ಟ ಯೂದಾಸನ ಕಾಲ್ನೂ ತೊಳೀಲಿಲ್ವಾ ಯೇಸು' ಅಂದ್ಯಂತೆ ಫಾದರ್ ಮುಂದೆ. ಬಾಯಿ, ಬಾಯಿ ನಿಂದು!

ಓಗ್ಲಿ. ಒಂದ್ ಕೆಲ್ಸ ಮಾಡು. ಈ ಸಲ ಎಡಗಾಲು ತೊಳೀಲಿ ಅಂತ ಫಾದರ್ಗೆ ಯೋಳು. ವರ್ಷಾವರ್ಷ ಬಲಗಾಲೇ ಯಾಕೆ? ಎಡಗಾಲೇನು ದೇವ್ರು ಮಾಡಿದ್ದಲ್ವಾ?... ಸುಮ್ನೆ ಯೋಳ್ದೆ ಕಣತ್ಗೆ. ಅದ್ಯಾಕಂಗ್ ನೋಡ್ತೀಯ?

ಏನೋ ಸೀದ ವಾಸ್ನೆ... ಇಟ್ಟು ತಳ ಇಡೀತಾ ಅದೆ ನೋಡು. ಗಡಿಗೆ ನೋಡು ಅಂದ್ರೆ ನನ್ ಕಾಲ್ ನೋಡ್ತೀಯಲ್ಲ!

ಆ?... ಕೆಂಡ! ಕಾಲ್ಚೀಲ ತೂತಾಗೋಗದೆ... ಅಯ್ಯೋ! ಅಯ್ಯಯ್ಯೋ, ಉರಿ! ಉರಿ ಕಣತ್ಗೆ!

...ಯಾಕೆ, ನಂಬಾಕಿಲ್ವಾ? ತಡವಾಗ್ ಕೂಗ್ದೆ ಅಂತಾನಾ?

ಇಷ್ಟೊತ್ತು ನಗ್ತಿದ್ದೋಳು ಈಗ್ಯಾಕ್ ಕಾಲ್ಚೀಲ ಬಿಚ್ತೀಯ? ನಗು, ಪರವಾಗಿಲ್ಲ... ನಗು.

ಕ್ರಿಸ್ಮಸ್ಸಲ್ಲಿ ಸಣ್ಣ ಮಚ್ಚೆ ಇತ್ತು, ಅಷ್ಟೇಯ. ಆಮೇಲೆ ಅಗ್ಲ ಆಯ್ತು. ಮುಳ್ಳು ಚುಚ್ಚುದ್ರೂ ಗೊತ್ತಾಗಾಕಿಲ್ಲ. ಯಾರ್ಗೂ ಯೋಳ್ಬ್ಯಾಡ, ನಿನ್ ಕಾಲಿಗ್ ಬೀಳ್ತೀನಿ. ನನ್ನೂ ಊರಾಚೆ ಗುಡಿಸ್ಲಿಗೆ ಆಕ್ತಾರೆ... ಭಯ ಆಯ್ತದೆ ಅತ್ಗೆ. ರಾತ್ರೆಲ್ಲಾ ನಿದ್ದೆ ಇಲ್ಲ.

ಆ ಗುಳಿಗೆ... ಜಡಯ್ಯಂಗೆ ವಾಸಿ ಆಯ್ತಾ ಅದಾ? ದಿಟ್ವಾಗ್ಲೂ?

ಜಡಯ್ಯನ್ನ ನಾಳೆ ನನ್ ಪಕ್ದಲ್ಲೇ ಕೂರ್ಸು. ಊಂ, ನಾನೇ ಯೋಳ್ತಿರದು. ಪಕ್ದಲ್ಲಿ ಅವ್ನ್ ಕಾಲಿದ್ರೆ ನನ್ ಕಾಲ್ ಯಾರ್ ನೋಡ್ತಾರೆ?... ಅಂಗ್ ನೋಡ್ಬ್ಯಾಡ ಅತ್ಗೆ. ಬೇಕಾದ್ರೆ ಬೈಯಿ.

ಬೋಗುಣಿ ಯಾಕ್ ತಂದೆ? ಬ್ಯಾಡ... ನೀನ್ ಕೂತ್ಕಬ್ಯಾಡ ನೆಲದ್ ಮ್ಯಾಲೆ... ಸರಿ, ತೊಳಿ. ಮೊದ್ಲು ಬಾಗ್ಲಾಕು. ನಾನ್ ಅತ್ಲಾಗೆ ತಿರೀಕತೀನಿ, ನಂಗದ ನೋಡಕ್ಕಾಗಾಕಿಲ್ಲ. ಬಿರ್‍ರನೆ ತೊಳಿ, ಯಾರಾದ್ರೂ ಬಂದ್ಬುಟ್ಟಾರು. ತೊಳಿ ಅತ್ಗೆ, ಯಾಕಿನ್ನೂ ಶುರು ಮಾಡಿಲ್ಲ?...

ಕೈ ಯಾಕ್ ಒರೆಸ್ಕತಾ ಇದೀಯಾ?

ತೊಳ್ದಾಯ್ತಾ?